ಹನ್ನೆರಡು ಜನ ಬರುತ್ತಿದ್ದಾರೆ

ಮಚ್ಚು ಬೀಸಿದ ಗಾಳಿ ನನ್ನ ಕಿವಿಗೆ ತಗುಲಿತು.

ಮಚ್ಚು ತಗುಲಲಿಲ್ಲ. ಅದು ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡಿತು. ಠಪ್!

ಅದನ್ನು ಕಿತ್ತುಕೊಳ್ಳಲು ಅವನಿಗೆ ಎರಡು ಸೆಕೆಂಡ್ ಬೇಕಿತ್ತು. ಆ ಎರಡು ಸೆಕೆಂಡಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ... ಕೈಯಲ್ಲಿದ್ದ ರೊಟ್ಟಿ ಹಂಚನ್ನು ಎದೆಗೆ ಅಡ್ಡ ಹಿಡಿದೆ.

ಹೌದು, ರೊಟ್ಟಿ ಹಂಚು. ನಗಬೇಡಿ.

"ಹನ್ನೆರಡು ಜನ ಬರ್ತಾರೆ ಅಂದ್ಲಲ್ಲ ಇವ್ಳು!" ಅವನು ಮಚ್ಚು ಕಿತ್ತುಕೊಂಡು ನಕ್ಕ. "ಎಲ್ಲೋ ಮಿಕ್ಕೋರು? ಕರಿ ಅವ್ರನ್ನ!"

ಅವನ ಹಿಂದೆ, ಹೊಲಿಗೆ ಮಿಷಿನ್ ಪಕ್ಕ, ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಅದುಮಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅವಳ ಕಣ್ಣು ಅವನ ಮೇಲಿರಲಿಲ್ಲ. ಮಚ್ಚಿನ ಮೇಲೂ ಇರಲಿಲ್ಲ. ನನ್ನ ಬೆನ್ನ ಹಿಂದಿನ ಬಾಗಿಲ ಮೇಲಿತ್ತು. ಉಳಿದವರು ಒಳಗೆ ಬರುವುದನ್ನು ಅವಳು ಕಾಯುತ್ತಿದ್ದಳು.

ಉಳಿದವರು ಇರಲೇ ಇಲ್ಲ, ಯಜಮಾನರೇ.

ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ದಯವಿಟ್ಟು ಬಾಗಿಲು ಹಾಕಬೇಡಿ. ಹತ್ತು ನಿಮಿಷ ಕೊಡಿ. ಭುಜದ ಪಟ್ಟಿ ನೋಡಿ ಹೆದರಬೇಡಿ, ನಾನು ಜಗಳಕ್ಕೆ ಬಂದಿಲ್ಲ. ಇದು ನಿಮ್ಮದೇ ಕ್ವಾರ್ಟರ್ಸಿನಲ್ಲಿ, ನಿಮ್ಮ ಎದುರು ಸಾಲಿನಲ್ಲಿ ನಡೆದ ಸಂಗತಿ. ಒಂದಕ್ಷರ ಬಿಡದೆ ಹೇಳಬೇಕು ಅಂತ ನನಗೆ ಆರ್ಡರ್ ಆಗಿದೆ. ಯಾರ ಆರ್ಡರ್ ಅಂತ ಕೊನೆಗೆ ಹೇಳುತ್ತೇನೆ.

ನನ್ನ ಹೆಸರು ಭೀಮೇಶ್. ಶಿವಮೊಗ್ಗ, ವಿನೋಬನಗರ. ಹಲ್ಲಿನ ಕ್ಲಿನಿಕ್ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಅದಕ್ಕೂ ಮೊದಲು ಹನ್ನೆರಡು ವರ್ಷ ಫೈನಾನ್ಸ್ ಕಂಪನಿಗಳಿಗೆ ಗಾಡಿ ಎಳೆದು ತರುವ ಕೆಲಸ ಮಾಡಿದ್ದೆ. ಕಂತು ಕಟ್ಟದವರ ಬಾಗಿಲು ಬಡಿ, ಕೀ ಕಿತ್ತುಕೊ, ಗಾಡಿ ಸ್ಟಾರ್ಟ್ ಮಾಡು, ಹೊರಡು. ಹೆಂಗಸರ ಶಾಪ, ಗಂಡಸರ ಕಲ್ಲು... ಎರಡೂ ತಿಂದಿದ್ದೇನೆ. ಒಂದು ದಿನ ದವಡೆ ಮುರಿಯಿತು. ಬಿಟ್ಟೆ.

ಆಮೇಲೆ ಹಿಡಿದದ್ದು ಆ್ಯಪ್ ಸಪೋರ್ಟ್.

ನನಗೆ ಆ್ಯಪ್ ಬರೆಯಲು ಬರುವುದಿಲ್ಲ. ಬರೆಯುವ ಹುಡುಗ ಹುಡುಗಿಯರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ. ಸಿಟಿ ಬಸ್ ಟೈಮಿಂಗಿಗೆ ಒಂದು ಆ್ಯಪ್, ದನದ ಡಾಕ್ಟರನ್ನು ಕರೆಸಲು ಒಂದು ಆ್ಯಪ್. ತಲೆ ಇದೆ, ಲ್ಯಾಪ್‌ಟಾಪ್ ಇದೆ, ದಾರಿ ಗೊತ್ತಿಲ್ಲ. ಅಕೌಂಟ್ ತೆರೆಸುವುದು, ಫಾರಂ ತುಂಬಿಸುವುದು, ಆ್ಯಪ್ ಸ್ಟೋರಿನವರು ವಾಪಸ್ ಕಳಿಸಿದರೆ ಮತ್ತೆ ಹಾಕಿಸುವುದು, ಇದೆಲ್ಲ ನನ್ನ ಪಾಲು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ದೊಡ್ಡ ದೊಡ್ಡ ಕಂಪನಿಗಳಿವೆ. ಶಿವಮೊಗ್ಗಕ್ಕೆ ನಾನೇ ಗತಿ.

ಸ್ಟೋರಿನದು ಒಂದು ರೂಲ್ ಇದೆ. ಹೊಸಬರು ಆ್ಯಪ್ ಮಾಡಿದರೆ ತಕ್ಷಣ ಊರಿಗೆಲ್ಲ ಬಿಡುವ ಹಾಗಿಲ್ಲ. ಮೊದಲು ಹನ್ನೆರಡು ಜನರ ಮೊಬೈಲಿನಲ್ಲಿ ಅದು ಇರಬೇಕು. ಹದಿನಾಲ್ಕು ದಿನ, ಒಂದು ದಿನವೂ ತಪ್ಪದೆ. ಅವರು ಬಳಸಬೇಕು, ತಪ್ಪು ಹುಡುಕಬೇಕು, ಹೇಳಬೇಕು. ಅವರಿಗೆ ಟೆಸ್ಟರ್ ಅಂತ ಹೆಸರು.

ಹನ್ನೆರಡು ಜನ ನಿಜವಾದ ಮನುಷ್ಯರು. ಎಲ್ಲಿಂದ ತರಲಿ? ಮನೆ ಮನೆ ಬಾಗಿಲು ತಟ್ಟಬೇಕು, ಕೈಮುಗಿಯಬೇಕು, ತಿಳಿಸಿ ಹೇಳಬೇಕು. ಹನ್ನೆರಡು ವರ್ಷ ಬಾಗಿಲು ಬಡಿದವನು ನಾನು. ಒಂದು ಬಾಗಿಲೂ ನಗುತ್ತಾ ತೆರೆದಿರಲಿಲ್ಲ. ಇನ್ನು ಬಾಗಿಲ ಸಹವಾಸ ಬೇಡ ಅನ್ನಿಸಿತ್ತು.

ಸುಲಭದ ದಾರಿ ಹಿಡಿದೆ. ಬಜಾರಿನಲ್ಲಿ ಹನ್ನೆರಡು ಹಳೆಯ ಮೊಬೈಲ್ ಕೊಂಡೆ. ಹನ್ನೆರಡು ಸಿಮ್, ಹನ್ನೆರಡು ಹೆಸರು. ಎಲ್ಲವನ್ನೂ ಒಂದು ತಗಡಿನ ಟ್ರಂಕಿನಲ್ಲಿಟ್ಟು ನಿಮ್ಮ ಭದ್ರಾವತಿಗೆ ತಂದೆ. ಈ ಕ್ವಾರ್ಟರ್ಸಿನ ಕೊನೇ ಮನೆ ಹಾಲಮ್ಮನಿಗೆ ಒಪ್ಪಿಸಿದೆ.

ಹಾಲಮ್ಮ ನಿಮಗೆ ಗೊತ್ತು. ಗಂಡ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ವರ್ಷಗಳಾದವು. ದಿನಾ ಬೆಳಿಗ್ಗೆ ಟ್ರಂಕ್ ತೆಗೆದು, ಹನ್ನೆರಡೂ ಮೊಬೈಲಿನಲ್ಲಿ ಆ್ಯಪ್ ತೆರೆದು, ನಾಲ್ಕು ಸಲ ಬೆರಳಾಡಿಸಿ ಮುಚ್ಚುವುದು ಅವಳ ಕೆಲಸ. ರಿಪೋರ್ಟ್ ನಾನೇ ಬರೆಯುತ್ತಿದ್ದೆ. ಜಟ್ಟಪ್ಪ: ತುಂಬಾ ಚೆನ್ನಾಗಿದೆ. ಸಾವಿತ್ರಮ್ಮ: ಉಪಯುಕ್ತವಾಗಿದೆ. ಹಾಲೇಶ್: ಅಕ್ಷರ ಸ್ವಲ್ಪ ದೊಡ್ಡದು ಮಾಡಿ.

ಆ ಕೊನೆಯದು ನನ್ನ ಟ್ರೇಡ್ ಸೀಕ್ರೆಟ್. ಒಂದು ಸಣ್ಣ ತಪ್ಪು ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ!

ಹದಿನೇಳು ಆ್ಯಪ್ ಹೀಗೇ ದಾಟಿಸಿದೆ. ಯಾರಿಗೂ ಏನೂ ಆಗಲಿಲ್ಲ. ಬಸ್ ಟೈಮಿಂಗ್ ತಪ್ಪಿದರೆ ಯಾರು ಸಾಯುತ್ತಾರೆ?

ಹದಿನೆಂಟನೆಯದು ಸಮತಾಳದ್ದು.

ಇಪ್ಪತ್ನಾಲ್ಕು ವರ್ಷದ ಹುಡುಗಿ, ವಿನೋಬನಗರದ ಪಿಜಿಯಲ್ಲಿದ್ದಳು. ಆಫೀಸಿಗೆ ಬಂದವಳು ಕೂರಲೇ ಇಲ್ಲ. ನಿಂತೇ ಮಾತಾಡಿದಳು.

"ಸಾರ್, ನಂಗೆ ಹನ್ನೆರಡು ಜನ ಬೇಕು. ಎಲ್ಲಾ ಭದ್ರಾವತಿಯವ್ರೇ ಆಗ್ಬೇಕು. ನಮ್ಮಕ್ಕನ ಮನೆ ಸುತ್ತಮುತ್ತ ಇರೋರೇ ಆಗ್ಬೇಕು."

"ಯಾಕಮ್ಮ? ಯಾರಾದ್ರೇನು?"

"ಈ ಆ್ಯಪ್ ಅದಕ್ಕೇ ಇರೋದು ಸಾರ್."

ಹೆಸರು 'ಓಗೊಡು'. ಆಪತ್ತು ಬಂದಾಗ ಮೊಬೈಲಿನ ಪಕ್ಕದ ಬಟನ್ ಮೂರು ಸಲ ಒತ್ತಿದರೆ ಸಾಕು. ಸುತ್ತಲಿನ ಹನ್ನೆರಡು ಮೊಬೈಲುಗಳು ಕೂಗಿಕೊಳ್ಳುತ್ತವೆ. ಯಾರು, ಎಲ್ಲಿ, ಎಷ್ಟು ದೂರ ಅಂತ ತೋರಿಸುತ್ತವೆ. ಬರುವವರು 'ಓ' ಅನ್ನುವ ಬಟನ್ ಒತ್ತಬೇಕು. ಯಾರೂ ಒತ್ತದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ಕೂಗುತ್ತದೆ. ಒತ್ತಿದರೆ, ಕರೆದವರ ಮೊಬೈಲಿನಲ್ಲಿ ಇಷ್ಟು ಜನ ಬರುತ್ತಿದ್ದಾರೆ ಅಂತ ಬರುತ್ತದೆ.

ಅಕ್ಕನ ಹೆಸರು ರಂಜಿನಿ. ಗಂಡ ವಿಜಯಕುಮಾರ್, ಶಿವಮೊಗ್ಗದ ಆಲ್ಕೊಳದವನು, ಟಿಪ್ಪರ್ ಡ್ರೈವರ್. ಹೊಡೆತ ತಾಳಲಾರದೆ ಅವಳು ತೀರಿಹೋದ ಅಪ್ಪನ ಕ್ವಾರ್ಟರ್ಸಿಗೆ ಬಂದು, ಬ್ಲೌಸ್ ಹೊಲಿದುಕೊಂಡು ಒಬ್ಬಳೇ ಇದ್ದಳು. ಅವನು ಆಗಾಗ ಬಂದು ಬಾಗಿಲು ಒದ್ದು ಹೋಗುತ್ತಿದ್ದ. ಪೊಲೀಸರು ಕರೆಸಿದರೆ ಮುಚ್ಚಳಿಕೆ ಬರೆದುಕೊಟ್ಟು, ಮಾರನೇ ವಾರ ಮತ್ತೆ ಒದೆಯುತ್ತಿದ್ದ. ಆ ಸಾಲಿನಲ್ಲಿ ಅರ್ಧಕ್ಕರ್ಧ ಮನೆ ಖಾಲಿ. ಕೂಗಿದರೆ ಕೇಳುವವರಿಲ್ಲ.

"ಐನೂರು ಮೀಟರ್ ಒಳಗೆ ಹನ್ನೆರಡು ಮನೆ. ಆಗುತ್ತಾ ಸಾರ್?"

"ಡನ್!" ಅಂದೆ.

ಯೋಚಿಸಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ ನೋಡಿ. ಹಾಲಮ್ಮನ ಮನೆ ರಂಜಿನಿಯ ಮನೆಗೆ ಮುನ್ನೂರಿಪ್ಪತ್ತು ಮೀಟರ್. ಮ್ಯಾಪಿನಲ್ಲಿ ಹನ್ನೆರಡು ಚುಕ್ಕಿ ಒಂದೇ ಕಡೆ ಬಿದ್ದಿದ್ದವು. ಸಮತಾ ಕೇಳಿದಾಗ, "ಒಂದೇ ವಠಾರ ಕಣಮ್ಮ, ಒಬ್ರಿಗೊಬ್ರು ಆಗೋ ಜನ" ಅಂದೆ. ನಂಬಿದಳು.

ಮೂರನೇ ದಿನ ಫೋನ್ ಮಾಡಿದಳು. ದನಿಯಲ್ಲಿ ಖುಷಿ.

"ಸಾರ್, ಅಕ್ಕ ಬ್ಯಾಗ್ ಕಟ್ಕೊಂಡಿದ್ಲು, ಶಿವಮೊಗ್ಗಕ್ಕೆ ನನ್ ಜೊತೆ ಬಂದ್ಬಿಡೋಣ ಅಂತ. ನಾನೇ ಬೇಡ ಅಂದೆ. ಸುತ್ತ ಹನ್ನೆರಡು ಜನ ಇದಾರೆ, ನಿನ್ ಕಸ್ಟಮರ್ಸ್ ಬಿಟ್ಟು ಯಾಕ್ ಬರ್ತೀಯ ಅಂದೆ. ಬಟ್ಟೆ ಎಲ್ಲಾ ವಾಪಸ್ ಬೀರುಗೆ ಜೋಡಿಸ್ಕೊಂಡ್ಲಂತೆ! ನಿಮ್ ಉಪಕಾರ ಮರೆಯಲ್ಲ ಸಾರ್."

ನಿಜ ಹೇಳುವ ಮಾತು ಬಾಯಿವರೆಗೆ ಬಂತು.

ಒಂದು ಲೋಟ ಕಾಫಿ ಕುಡಿದೆ. ಇಳಿಯಿತು.

ಆವತ್ತೇ ಹೇಳಬಹುದಿತ್ತು. ಒಂದೇ ಮಾತು. ಬ್ಯಾಗ್ ಕಟ್ಟಿಕೊಂಡು ಹೊರಟುಬಿಡು ಅಂತ. ಹೇಳಲಿಲ್ಲ. ಈ ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡಲು ನನಗೆ ನಾಚಿಕೆಯಾಗುತ್ತಿರುವುದು ಆ ಲೋಟ ಕಾಫಿಗೆ.

ಸಮತಾ ದಿನಾ ಟೆಸ್ಟ್ ಕರೆ ಕಳಿಸುತ್ತಿದ್ದಳು. ಟೆಸ್ಟ್ ಆದರೆ ಹಳದಿ ಬಣ್ಣ, ನಿಜವಾದ ಕರೆಗೆ ಕೆಂಪು. ಬೆಳಿಗ್ಗೆ ಹತ್ತಕ್ಕೆ ಕಳಿಸಿದರೆ ನಲವತ್ತು ಸೆಕೆಂಡಿನಲ್ಲಿ ಹನ್ನೆರಡು ಓ! ಹಾಲಮ್ಮ ಎರಡೂ ಕೈಯಲ್ಲಿ ಒತ್ತುತ್ತಿದ್ದಳು. ಆದರೆ ಸಂಜೆ ಕಳಿಸಿದರೆ ಮೊದಲ ಕರೆಗೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಹನ್ನೆರಡೂ ಒಟ್ಟಿಗೆ.

"ಯಾಕ್ ಸಾರ್ ಹೀಗೆ? ಎಲ್ರೂ ಮೂರನೇ ಸಲಕ್ಕೇ ಯಾಕೆ?"

ಕೇಳಿಕೊಂಡು ಭದ್ರಾವತಿಗೆ ಬಂದೆ. ಹಾಲಮ್ಮ ನನ್ನನ್ನೇ ಗದರಿದಳು.

"ದೀಪ ಹಚ್ಚಿದ್ ಮೇಲೆ ಒಂದೇ ಕೂಗಿಗೆ ಓ ಅಂತಾರೇನೋ ಮಾರಾಯ? ನಿಮ್ಮವ್ವ ಹೇಳಿಕೊಟ್ಟಿಲ್ವ? ದೆವ್ವ ಆದ್ರೆ ಒಂದ್ ಸಲ ಕರೀತದೆ, ಹೆಚ್ಚಂದ್ರೆ ಎರಡ್ ಸಲ. ಮನುಷ್ಯರಾದ್ರೆ ಮೂರನೇ ಸಲ ಕರೀತಾರೆ. ಆವಾಗ ಓ ಅನ್ಬೇಕು."

ನಕ್ಕುಬಿಟ್ಟೆ. ಆದರೆ ಹದಿನೆಂಟು ಆ್ಯಪಿನಲ್ಲಿ ನನ್ನ ಟ್ರಂಕಿನಿಂದ ಹೊರಬಂದ ಒಂದೇ ಒಂದು ನಿಜವಾದ ರಿಪೋರ್ಟ್ ಅದು. ಈ ಕಡೆ ನಮ್ಮಂಥ ಮನೆಗಳಲ್ಲಿ ಎಷ್ಟು ಜನ ಮುದುಕಿಯರು ಹೀಗೆಯೇ ಮೂರನೇ ಕೂಗಿಗೆ ಕಾಯುತ್ತಾರೋ! ಸಮತಾಳಿಗೆ ಹೇಳಿದ್ದರೆ ಅವತ್ತೇ ಸರಿಮಾಡುತ್ತಿದ್ದಳು.

"ಟವರ್ ಪ್ರಾಬ್ಲಮ್ ಕಣಮ್ಮ" ಅಂದೆ.

ಹದಿನಾಲ್ಕನೇ ದಿನ. ಸಂಜೆ ಏಳಕ್ಕೆ ಹತ್ತು ನಿಮಿಷ.

ಟ್ರಂಕ್ ವಾಪಸ್ ಒಯ್ಯಲು ಬಂದಿದ್ದೆ. ಮುಂದಿನ ಗಿರಾಕಿ ಕಾಯುತ್ತಿದ್ದ. ಹಾಲಮ್ಮ ಒಲೆ ಮುಂದೆ ಕೂತು ಅಕ್ಕಿ ರೊಟ್ಟಿ ಹಾಕುತ್ತಿದ್ದಳು. ನನ್ನ ತಟ್ಟೆಗೂ ಒಂದು ಬಿತ್ತು.

ಟ್ರಂಕಿನೊಳಗೆ ಗಲಾಟೆ ಶುರುವಾಯಿತು. ಹನ್ನೆರಡೂ ಒಟ್ಟಿಗೆ. ಶಬ್ದ ಜಾಸ್ತಿ ಅಂತ ಹಾಲಮ್ಮ ಕಂಬಳಿ ಹೊದಿಸಿ, ಮುಚ್ಚಳ ಹಾಕಿಟ್ಟಿದ್ದಳು.

"ಟೆಸ್ಟ್ ಇರ್ಬೇಕು" ಅಂದೆ, ರೊಟ್ಟಿ ಮುರಿಯುತ್ತಾ.

"ಮೊದಲ್ನೇದು. ಸುಮ್ನಿರು."

ನಿಂತಿತು. ಒಂದು ನಿಮಿಷ. ಮತ್ತೆ ಶುರು.

"ಎರಡನೇದು. ಚಟ್ನಿ ಹಾಕ್ಕೋ."

ಹಾಕಿಕೊಂಡೆ.

ಮೂರನೇ ಸಲ ಕೂಗಿತು. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮುಚ್ಚಳ ತೆಗೆದು, ಕಂಬಳಿ ಸರಿಸಿದಳು. ಅಡುಗೆಮನೆಯ ಗೋಡೆಗೆಲ್ಲ ಬೆಳಕು ಬಿತ್ತು.

ಕೆಂಪು!

"ಇದ್ಯಾಕೋ ಭೀಮ, ಇವತ್ತು ಬಣ್ಣ ಬೇರೆ ಐತೆ?" ಅನ್ನುತ್ತಲೇ ಅವಳ ಬೆರಳು ಓಡುತ್ತಿದ್ದವು. ಓ. ಓ. ಓ. ಓ...

"ಒತ್ತಬೇಡ!" ಅರಚಿದೆ.

ತಡವಾಗಿತ್ತು. ಹನ್ನೆರಡೂ ಒತ್ತಿಯಾಗಿತ್ತು. ಪ್ರತಿಯೊಂದು ಪರದೆಯ ಮೇಲೂ ಒಂದೇ ಸಾಲು... ರಂಜಿನಿ, 320 ಮೀಟರ್.

ಕೈಗೆ ಏನು ಸಿಕ್ಕಿತೋ ಅದನ್ನು ಎತ್ತಿಕೊಂಡೆ. ಒಲೆ ಮೇಲಿನ ಹಂಚು! ಹಿಡಿಗೆ ಬಟ್ಟೆ ಸುತ್ತಿ ಓಡಿದೆ.

ನಲವತ್ತಾರು ವಯಸ್ಸು. ಮಂಡಿ ನೋವು. ಮುನ್ನೂರಿಪ್ಪತ್ತು ಮೀಟರ್ ಅಷ್ಟು ಉದ್ದವಿರುತ್ತದೆ ಅಂತ ಗೊತ್ತಿರಲಿಲ್ಲ.

ರಂಜಿನಿಯ ಬಾಗಿಲ ಚಿಲಕ ಕಿತ್ತು ನೇತಾಡುತ್ತಿತ್ತು. ಹೊರಗೆ ಒಂದು ಬೈಕು, ಕೀ ಅದರಲ್ಲೇ ಇತ್ತು. ಹನ್ನೆರಡು ವರ್ಷದ ಅಭ್ಯಾಸ... ನಿಂತ ಗಾಡಿ ಕಂಡರೆ ಕೈ ಮೊದಲು ಕೀಗೆ ಹೋಗುತ್ತದೆ. ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ನುಗ್ಗಿದೆ.

ಮಿಕ್ಕದ್ದು ಆಗಲೇ ಹೇಳಿದೆ. ಮಚ್ಚು, ಚೌಕಟ್ಟು, ಅವನ ನಗು.

"ಎಲ್ಲೋ ಮಿಕ್ಕೋರು?"

ಏನು ಮಾಡಲಿ? ಹೊರಗೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ.

"ಜಟ್ಟಪ್ಪಾ! ಹಿತ್ಲ ಕಡೆ ಹೋಗು! ಹಾಲೇಶಾ! ಬಾರೋ ಬೇಗ! ಸಾವಿತ್ರಮ್ಮೋ!"

ಒಬ್ಬರೂ ಓ ಅನ್ನಲಿಲ್ಲ. ಹೇಗೆ ಅಂದಾರು? ಆ ಹೆಸರುಗಳನ್ನು ಹುಟ್ಟಿಸಿದವನು ನಾನು.

ಆಗಲೇ ಎದುರು ಸಾಲಿನ ಒಂದು ಮನೆಯಲ್ಲಿ ಲೈಟ್ ಹತ್ತಿತು. ಒಂದು ಕ್ಷಣ. ಮತ್ತೆ ಆರಿತು.

ನಿಮ್ಮ ಮನೆ, ಯಜಮಾನರೇ. ತಲೆ ತಗ್ಗಿಸಬೇಡಿ. ದೂರಲು ಬಂದಿಲ್ಲ. ನಾನು ಕೂಗಿದ ಹೆಸರಲ್ಲಿ ನಿಮ್ಮ ಹೆಸರಿರಲಿಲ್ಲ. ನಿಮ್ಮನ್ನು ಯಾರೂ, ಯಾವತ್ತೂ ಕೇಳಿರಲಿಲ್ಲ. ಕೇಳಬೇಕಾಗಿದ್ದವನು ನಾನು. ನಿಮ್ಮ ಬಾಗಿಲು ತಟ್ಟುವ ಬದಲು ಹಾಲಮ್ಮನ ಮನೆಯಲ್ಲಿ ಟ್ರಂಕ್ ಇಟ್ಟಿದ್ದೆ.

ವಿಜಯಕುಮಾರ ಹೊರಗಿನ ಕತ್ತಲು ನೋಡಿದ. ನನ್ನನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಒಬ್ನೇನಾ?"

ಬೀಸಿದ. ಹಂಚು ಅಡ್ಡ ಬಂತು. ಕಬ್ಬಿಣಕ್ಕೆ ಕಬ್ಬಿಣ... ಕಿಡಿ ಹಾರಿತು! ಮಚ್ಚು ಜಾರಿ ನನ್ನ ಭುಜ ಸೀಳಿತು. ನೋವು ಆಮೇಲೆ ಬಂತು. ಮೊದಲು ನಾನು ಹಂಚನ್ನು ಅವನ ಮುಂಗೈಗೆ ಒತ್ತಿ ಹಿಡಿದಿದ್ದೆ. ಒಲೆಯಿಂದ ಎತ್ತಿ ಮೂರು ನಿಮಿಷವೂ ಆಗಿರಲಿಲ್ಲ. ಚುರ್ ಅಂದಿತು.

ಮಚ್ಚು ನೆಲಕ್ಕೆ ಬಿತ್ತು. ಒದ್ದು ಮಂಚದ ಕೆಳಗೆ ತಳ್ಳಿದೆ.

ಅಷ್ಟರಲ್ಲಿ ಓಣಿಯ ಕತ್ತಲಿಂದ ಒಂದು ದನಿ.

"ಓ...! ಬಂದೇ...! ಓ...!"

ಹಾಲಮ್ಮ! ದೀಪ ಹಚ್ಚಿದ ಮೇಲೆ ಹೊಸಿಲು ದಾಟದ ಹೆಂಗಸು ಲಟ್ಟಣಿಗೆ ಹಿಡಿದು ಓಡಿಬರುತ್ತಿದ್ದಳು. ಕರೆಗೆ ಓಗೊಟ್ಟ ಒಬ್ಬಳೇ ಒಬ್ಬ ಟೆಸ್ಟರ್!

ಜನ ಬಂದರು ಅಂದುಕೊಂಡು ವಿಜಯಕುಮಾರ ಹೊರಗೆ ಹಾರಿದ. ಬೈಕಿಗೆ ಕೈ ಹಾಕಿದ. ಕೀ ಇಲ್ಲ! ಬೈದ. ಕಾರ್ಖಾನೆಯ ಕಾಂಪೌಂಡ್ ಗೋಡೆಯುದ್ದಕ್ಕೂ ಓಡಿದ.

ನಾನು ಹಿಂದೆ.

ಓಡುವವರನ್ನು ಬೆನ್ನಟ್ಟುವುದು ನನಗೆ ಹೊಸತಲ್ಲ. ಜೋರಾಗಿ ಓಡಬಾರದು. ಅವರು ತಿರುಗಿ ನೋಡುವಷ್ಟು ಹತ್ತಿರ ಇರಬೇಕು. ತಿರುಗಿ ನೋಡಿದವನು ಎಡವುತ್ತಾನೆ. ವಿಜಯಕುಮಾರ ಎರಡು ಸಲ ತಿರುಗಿದ. ಮೂರನೇ ಸಲ ಗೋಡೆ ಒಡೆದ ಜಾಗದ ಕಲ್ಲುರಾಶಿಗೆ ಕಾಲು ತಾಗಿ ಮುಳ್ಳಿನ ಪೊದೆಗೆ ಮುಗ್ಗರಿಸಿದ.

ಮೇಲೆ ಕೂತೆ. ಮುಷ್ಟಿ ಎತ್ತಿದೆ.

"ಹೊಡಿ ಭೀಮೇಶಣ್ಣ, ಹೊಡಿ" ಅಂದ.

ಕೈ ಹಾಗೇ ನಿಂತಿತು. "ನನ್ ಹೆಸ್ರು ಹೆಂಗೋ ಗೊತ್ತು ನಿಂಗೆ?"

"ನಮ್ಮಪ್ಪನ ಟೆಂಪೋ ಎಳ್ಕೊಂಡು ಹೋಗಕ್ಕೆ ಬಂದಿದ್ಯಲ್ಲ ಆಲ್ಕೊಳಕ್ಕೆ. ಅಮ್ಮ ಒಳ್ಗಿಂದ ಅಗುಳಿ ಹಾಕ್ಕೊಂಡು ಅಳ್ತಿದ್ರೆ ಬಾಗ್ಲು ಒದ್ದು ಒದ್ದು ಮುರ್ದೋನು ನೀನೇ. ನಂಗಾಗ ಹದಿನೇಳು ವರ್ಷ. ಪಕ್ಕದಲ್ಲೇ ನಿಂತಿದ್ದೆ. ಮರ್ತ್ಬಿಟ್ಯಾ?"

ಮರೆತಿದ್ದೆ. ಎಷ್ಟು ಬಾಗಿಲು, ಯಾವುದು ಅಂತ ನೆನಪಿಡಲಿ?

ಅದರಿಂದ ಅವನ ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಅವನದೇ ಶಾಲಿನಿಂದ ಕೈ ಕಟ್ಟಿ ಪೊಲೀಸರಿಗೆ ಕೊಟ್ಟೆ. ಆದರೆ ಮುಷ್ಟಿ ಮಾತ್ರ ಕೆಳಗಿಳಿಯಿತು.

ಆಮೇಲಿನದೇ ಕಷ್ಟದ ಭಾಗ.

ಊರು ನನ್ನನ್ನು ಹೀರೋ ಮಾಡಿತು! ಇನ್ಸ್‌ಪೆಕ್ಟರು ಭುಜ ತಟ್ಟಿದರು, ಅದೂ ಹೊಲಿಗೆ ಹಾಕಿದ ಭುಜ. "ಶಹಬ್ಬಾಸ್ ಭೀಮೇಶ್, ನಿಮ್ಮಂಥೋರು ಇರ್ಬೇಕು ಕಣ್ರೀ" ಅಂದರು. ಹಂಚು ಹಿಡಿದ ನನ್ನ ಫೋಟೋ ಎಲ್ಲ ಗ್ರೂಪುಗಳಲ್ಲೂ ಓಡಾಡಿತು. ಅದೇ ಹೊತ್ತಿಗೆ ಸ್ಟೋರಿನಿಂದ ಮೆಸೇಜ್... ಅಭಿನಂದನೆಗಳು, ಹದಿನಾಲ್ಕು ದಿನದ ಟೆಸ್ಟಿಂಗ್ ಪೂರ್ಣಗೊಂಡಿದೆ.

ಆಸ್ಪತ್ರೆಯಲ್ಲಿ ರಂಜಿನಿಯ ಮಂಚದ ಪಕ್ಕ ಕೂತಿದ್ದೆ. ಬಲಗೈ ಪೂರ್ತಿ ಪಟ್ಟಿ. ಎರಡು ಬೆರಳು ಇನ್ನು ಮಡಚುವುದಿಲ್ಲ ಅಂದಿದ್ದರು ಡಾಕ್ಟರು. ಕತ್ತರಿ ಹಿಡಿಯುವ ಬೆರಳುಗಳು.

"ಅಣ್ಣ, ಒಂದು ಕೇಳ್ಲಾ?"

"ಕೇಳಮ್ಮ."

"ಅವ್ನು ಮುಂದಿನ್ ಬಾಗ್ಲು ಒದೀತಿದ್ದಾಗ ನಾನು ಹಿತ್ಲ ಬಾಗ್ಲು ತೆಗೆದಿದ್ದೆ. ಒಂದು ಕಾಲು ಆಚೆ ಇಟ್ಟಿದ್ದೆ. ಹಿಂದೆ ಗೋಡೆ ಗಿಡ್ಡ, ಹಾರಿದ್ರೆ ರೋಡು. ಅಷ್ಟ್ರಲ್ಲಿ ಮೊಬೈಲ್‌ನಲ್ಲಿ ಬಂತು, ಹನ್ನೆರಡು ಜನ ಬರ್ತಿದಾರೆ ಅಂತ. ನನ್ ಮನೆ ಬಿಟ್ಟು ನಾನ್ಯಾಕ್ ಓಡ್ಬೇಕು ಅನ್ನಿಸ್ತು. ಕಾಲು ಒಳಗಿಟ್ಟೆ. ಅವ್ನಿಗೂ ಧೈರ್ಯವಾಗಿ ಹೇಳ್ದೆ, ಹನ್ನೆರಡು ಜನ ಬರ್ತಿದಾರೆ ಅಂತ..."

ಅವಳು ವಾರ್ಡಿನ ಬಾಗಿಲ ಕಡೆ ನೋಡಿದಳು.

"ನೀವು ಬಂದ್ರಿ. ಹಾಲಮ್ಮ ಬಂದ್ರು. ಉಳಿದ್ ಹತ್ತು ಜನ ಯಾಕಣ್ಣ ಬರ್ಲಿಲ್ಲ? ನಾನೇನಾದ್ರೂ ತಪ್ಪು ಮಾಡಿದ್ನಾ ಅವ್ರಿಗೆ?"

ಯಜಮಾನರೇ, ದವಡೆ ಮುರಿದಾಗ ಅಳದವನು ನಾನು. ಎದ್ದು ಕಾರಿಡಾರಿಗೆ ಹೋದೆ. ಗೋಡೆಗೆ ಮುಖ ಹಾಕಿ ನಿಂತೆ. ಆ ಹೆಂಗಸು ತನ್ನಲ್ಲಿ ತಪ್ಪು ಹುಡುಕುತ್ತಿದ್ದಳು!

ಸಮತಾ ಬೆಳಿಗ್ಗೆ ಬಂದಳು. ಎರಡೂ ಕೈಯಲ್ಲಿ ಚೀಲ. ಒಳಗೆ ಹನ್ನೆರಡು ಬಾಕ್ಸ್ ಮೈಸೂರ್ ಪಾಕ್.

"ಸಾರ್, ಆ ಹನ್ನೆರಡೂ ಜನರ ಮನೆ ತೋರ್ಸಿ. ಬಂದವ್ರು ಬರ್ಲಿ, ಬರ್ದೇ ಇದ್ದೋರು ಇರ್ಲಿ. ಓ ಅಂದಿದಾರಲ್ಲ. ಎಲ್ರಿಗೂ ಕಾಲಿಗೆ ಬಿದ್ದು ಕೊಟ್ಟು ಬರ್ತೀನಿ."

ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ, ಬಾಕ್ಸ್ ಕೊಡು, ನಾನೇ ಮುಟ್ಟಿಸುತ್ತೇನೆ... ನಾಲಿಗೆಯ ತುದಿಗೆ ಬಂದಿತ್ತು. ಆದರೆ ರಂಜಿನಿಯ ಪ್ರಶ್ನೆ ಅದಕ್ಕೂ ಮೊದಲೇ ಅಲ್ಲಿ ಕೂತಿತ್ತು.

"ಬಾ" ಅಂದೆ.

ಹಾಲಮ್ಮನ ಮನೆಗೆ ಕರೆದುಕೊಂಡು ಹೋದೆ. ಟ್ರಂಕ್ ಎಳೆದೆ. ಮುಚ್ಚಳ ತೆಗೆದೆ.

ಅವಳು ಎಣಿಸಿದಳು. ಬಾಯಲ್ಲಲ್ಲ, ಕಣ್ಣಲ್ಲಿ. ಹನ್ನೆರಡಕ್ಕೆ ಬಂದು ನಿಂತಳು.

ಬೈಯುತ್ತಾಳೆ ಅಂದುಕೊಂಡೆ. ಹೊಡೆದರೂ ತಿನ್ನಲು ತಯಾರಿದ್ದೆ. ಅವಳು ಟ್ರಂಕಿನ ಪಕ್ಕ ನೆಲದ ಮೇಲೆ ಕುಸಿದು ಕೂತಳು.

"ಸಂಜೆ ಹೊತ್ತು ಟವರ್ ಪ್ರಾಬ್ಲಮ್ ಅಂದಿದ್ರಲ್ಲ ಸಾರ್?"

"ಟವರ್ ಸರಿಯಾಗೇ ಇತ್ತಮ್ಮ." ಹಾಲಮ್ಮನ ಮೂರನೇ ಕೂಗಿನ ವಿಷಯ, ಆ ಲೋಟ ಕಾಫಿಯ ವಿಷಯ, ಎಲ್ಲ ಹೇಳಿದೆ.

ಹಾಲಮ್ಮ ಬಾಗಿಲಿಗೆ ಒರಗಿ ಅಳುತ್ತಿದ್ದಳು. "ನಂಗೆ ಗೊತ್ತಿರ್ಲಿಲ್ಲ ಕಣವ್ವ... ಆಟ ಅಂದ್ಕೊಂಡಿದ್ದೆ ನಾನು. ಇವ್ನು ಹೇಳ್ಲೇ ಇಲ್ಲ."

"ನಿಮ್ದೇನೂ ತಪ್ಪಿಲ್ಲ ಅಜ್ಜಿ. ನೀವೊಬ್ರೇ ಸರಿಯಾಗಿ ಟೆಸ್ಟ್ ಮಾಡಿದ್ದು" ಅಂದಳು ಸಮತಾ. ನಂತರ ನನ್ನ ಕಡೆ ತಿರುಗಿದಳು. "ಅಕ್ಕ ಬ್ಯಾಗ್ ಕಟ್ಕೊಂಡಿದ್ಲು ಸಾರ್. ಬೇಡ ಅಂದಿದ್ದು ನಾನು. ನಿಮ್ಮನ್ನ ನಂಬಿ ನಾನು ಅವ್ಳಿಗೆ ಬೇಡ ಅಂದೆ."

ಅವಳು ಮೊಬೈಲ್ ತೆಗೆದು, ನನ್ನ ಕಣ್ಣೆದುರೇ ಆ್ಯಪನ್ನು ಸ್ಟೋರಿನಿಂದ ವಾಪಸ್ ತೆಗೆದುಕೊಂಡಳು. ಹದಿನಾಲ್ಕು ದಿನ ಮತ್ತೆ ಮೊದಲಿಂದ. ಆಮೇಲೆ ಚೀಲ ಎರಡನ್ನೂ ನನ್ನ ಕಡೆ ತಳ್ಳಿದಳು.

"ಹನ್ನೆರಡು ಮನೆ ಸಾರ್. ನಿಜವಾದ ಮನೆ. ನೀವೇ ಬಾಗ್ಲು ತಟ್ಬೇಕು. ಮೊದ್ಲು ನೀವೇನ್ ಮಾಡಿದ್ರೋ ಅದನ್ನೆಲ್ಲ ಹೇಳ್ಬೇಕು. ಒಂದು ಮಾತೂ ಬಿಡೋ ಹಾಗಿಲ್ಲ, ಆ ಕಾಫಿ ಕುಡ್ದಿದ್ದೂ ಸೇರಿ. ಆಮೇಲೆ ಕೇಳ್ಬೇಕು, ಕರೆದ್ರೆ ಬರ್ತೀರಾ ಅಂತ. ಬರ್ತೀನಿ ಅಂದವ್ರಿಗೆ ಒಂದು ಬಾಕ್ಸ್."

ಇದೇ ನನ್ನ ಆರ್ಡರ್.

ನಿಮ್ಮದು ಇಪ್ಪತ್ತಾರನೇ ಬಾಗಿಲು. ಮೊದಲ ಮನೆಯಲ್ಲಿ ಅರ್ಧ ಕತೆಗೇ ನೀರು ಎರಚಿದರು. ಎರಡನೇ ಸಾಲಿನ ತಮಿಳು ಅಜ್ಜ "ಪೋಯಾ ಪೋ!" ಅಂತ ಕೋಲೆತ್ತಿದ. ಮಾರನೇ ದಿನ ಅವನೇ ಕರೆದು ಮೊಬೈಲಿಗೆ ಹಾಕಿಸಿಕೊಂಡ. ಕೊಟ್ರಬಸಪ್ಪ ಮೇಷ್ಟ್ರು ಪೂರ್ತಿ ಕೇಳಿ, "ಛೀ" ಅಂದು, ಆಮೇಲೆ ಕೂರಲು ಕುರ್ಚಿ ಕೊಟ್ಟರು. ಆ 'ಛೀ' ನನಗೆ ಸಲ್ಲಬೇಕಾದ್ದು. ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

ಪ್ರತಿ ಬಾಗಿಲಲ್ಲೂ ಹೇಳುವಾಗ ಸಲೀಸಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಚಟ್ನಿ ಹಾಕಿಕೊಂಡೆ ಅನ್ನುವ ಜಾಗಕ್ಕೆ ಬಂದಾಗಲೆಲ್ಲ ನಾಲಿಗೆ ಒಣಗುತ್ತದೆ.

ಹನ್ನೊಂದು ಮನೆ ಒಪ್ಪಿವೆ. ಮೊದಲ ಬಾಕ್ಸ್ ಹಾಲಮ್ಮನಿಗೆ, ಅವಳ ಸ್ವಂತ ಮೊಬೈಲಿಗೆ. ನನ್ನ ಕೈಯಲ್ಲಿರುವುದು ಕೊನೇ ಬಾಕ್ಸ್. ರಂಜಿನಿ ನಾಳೆ ಮನೆಗೆ ಬರುತ್ತಾಳೆ. ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಿದ್ದಾಳಂತೆ. ಆ್ಯಪ್ ಕೂಡ ಬದಲಾಗಿದೆ. ದೀಪ ಹಚ್ಚುವ ಹೊತ್ತಿನ ಮೇಲೆ ಕರೆ ಬಂದರೆ ಅದು ನಿಮಿಷ ಕಾಯುವುದಿಲ್ಲ. ಬಿಡದೆ ಮೂರು ಸಲ ಕೂಗುತ್ತದೆ, ಮನುಷ್ಯರು ಕೂಗುವ ಹಾಗೆ.

ಕತೆ ಅಷ್ಟೇ. ಈಗ ಪ್ರಶ್ನೆ.

ಕರೆದರೆ ಬರುತ್ತೀರಾ ಯಜಮಾನರೇ?

...

ಯೋಚಿಸಿ. ಅವಸರವಿಲ್ಲ. ಇಲ್ಲ ಅಂದರೂ ಬೇಜಾರಿಲ್ಲ, ಪಕ್ಕದ ಮನೆ ಇದೆ. ಸುಮ್ಮನೆ ನನ್ನನ್ನು ಸಾಗಹಾಕಲು ಹೂಂ ಅನ್ನಬೇಡಿ, ಅಷ್ಟೇ.

...

ಬರುತ್ತೀರಾ?

ತಗೊಳ್ಳಿ, ಬಾಕ್ಸ್ ನಿಮ್ಮದು. ಒಳಗೆ ಹೋಗಿ ಮೊಬೈಲ್ ತನ್ನಿ. ಏನೇನು ಒತ್ತಬೇಕು ಅಂತ ನಾನು ಇಲ್ಲೇ ನಿಂತು ಹೇಳುತ್ತೇನೆ, ನೀವೇ ಒತ್ತಿ.

ಅಯ್ಯೋ, ಬೇಡ ಬೇಡ... ಮೊಬೈಲನ್ನು ಮಾತ್ರ ನನ್ನ ಕೈಗೆ ಕೊಡಬೇಡಿ!